ಭಾನುವಾರದ ಚಟ್ನಿ, ಬಾಗಿಲಿನ ಚೀಟಿ

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕೆಲಸಕ್ಕೆ ಹೋಗಿ ಐದು ತಿಂಗಳಾಯಿತು. ಒಂದು ಭಾನುವಾರ ಬೆಳಿಗ್ಗೆ ಅಕ್ಕಿರೊಟ್ಟಿಗೆಂದು ಕಾಯಿಚಟ್ನಿ ರುಬ್ಬಿದನಂತೆ. ಮಧ್ಯಾಹ್ನದ ಹೊತ್ತಿಗೆ ಬಾಗಿಲಿನಲ್ಲಿ ಚೀಟಿ: ‘ಇಂದು ಭಾನುವಾರ. ದಯವಿಟ್ಟು ಸದ್ದು ಬೇಡ.’ ಬರೆದವರು ಕೆಳಮನೆಯ ಅಜ್ಜಿ. ಅಂದಿನಿಂದ ಅವರ ಎದುರು ಹಾಯಲು ಇವನಿಗೆ ಹಿಂಜರಿಕೆ. ಹೊರಗಿನವನೆಂದು ಹೀಗೆ ಮಾಡಿದರೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಅದೇ ಊರಿನಲ್ಲಿ ಹನ್ನೊಂದು ವರ್ಷ ದುಡಿದು ಹಾಸನಕ್ಕೆ ಮರಳಿದವಳು ನಾನು. ನನ್ನ ಬಾಗಿಲಿಗೂ ಇಂಥ ಚೀಟಿ ಬಂದಿತ್ತು, ರಾತ್ರಿ ಹನ್ನೊಂದಕ್ಕೆ ವಾಷಿಂಗ್ ಮೆಷಿನ್ ಹಾಕಿದ್ದಕ್ಕೆ. ಆ ರಾತ್ರಿ ಅತ್ತಿದ್ದೆ. ಹಾಗಾಗಿ ನಿಮ್ಮ ಮಗನ ಸಂಕಟ ನನಗೆ ಚೆನ್ನಾಗಿ ಗೊತ್ತು.

ಭಾನುವಾರ ಅಲ್ಲಿ ಬರಿಯ ರಜೆಯಲ್ಲ. ಅದು ವಿಶ್ರಾಂತಿಯ ದಿನವೆಂದು ಜರ್ಮನಿಯ ಮೊದಲ ಗಣರಾಜ್ಯದ 1919ರ ವೈಮಾರ್ ಸಂವಿಧಾನ ಬರೆದಿಟ್ಟ ಮಾತನ್ನು ಅಲ್ಲಿನ ಈಗಿನ, 1949ರ ಸಂವಿಧಾನವೂ ಉಳಿಸಿಕೊಂಡಿದೆ. ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಗೋಡೆ ಕೊರೆಯುವಂತಿಲ್ಲ, ಖಾಲಿ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಎಸೆಯುವುದೂ ತಪ್ಪು. ಒಂದು ನಿಮಿಷದ ಮಿಕ್ಸಿ ಅಪರಾಧವೇನಲ್ಲ. ಆದರೆ ಮರದ ನೆಲದ ಹಳೆಯ ಮನೆಯಾದರೆ ಅದರ ಸದ್ದು ಕೆಳಗಿನವರ ತಲೆಯ ಮೇಲೆಯೇ.

ಹೊರಗಿನವರೆಂಬ ತಾತ್ಸಾರ ಅಲ್ಲಿಲ್ಲವೆಂದು ನಾನು ಹೇಳಲಾರೆ, ನಾನೂ ಉಂಡಿದ್ದೇನೆ. ಈ ಚೀಟಿಯಲ್ಲಿ ಅದು ನನಗೆ ಕಾಣುತ್ತಿಲ್ಲ. ಆ ಸೀಮೆಯಲ್ಲಿ ‘ಕೇರ್‌ವೋಖೆ’ ಎಂಬ ರೂಢಿಯಿದೆ: ಯಾರ ಬಾಗಿಲಿಗೆ ಆ ಫಲಕ ತೂಗುತ್ತದೆಯೋ, ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ಅವರದು. ನನ್ನ ಮೊದಲ ಸರದಿಯಲ್ಲೇ ಕೆಳಮನೆಯಾಕೆ ಬಂದು, “ಮೂಲೆ ಬಿಟ್ಟಿದ್ದೀರಿ” ಎಂದರು. ನಮ್ಮಲ್ಲಾದರೆ ಎದುರಿನವರು ನೊಂದಾರೆಂದು ಮಾತನ್ನು ನುಂಗಿಕೊಳ್ಳುತ್ತೇವೆ, ಅದು ಒಳಗೇ ಹುಳಿಯುತ್ತದೆ. ಆಕೆ ಹೇಳಿದರು, ಮುಗಿಯಿತು. ಅಪ್ಪ ತೀರಿಕೊಂಡು ನಾನು ಊರಿಗೆ ಧಾವಿಸಿದಾಗ ತಿಂಗಳಿಡೀ ನನ್ನ ಗಿಡಗಳಿಗೆ ನೀರೆರೆದವರೂ ಆಕೆಯೇ. ಅಲ್ಲಿ ಹಿರಿಯರು ತಾವಾಗಿ ಹೇಳದೆ ‘ಝೀ’ಯನ್ನು, ಅಂದರೆ ನಮ್ಮ ‘ನೀವು’ ಅನ್ನು, ಬಿಡುವಂತಿಲ್ಲ. ನಾಲ್ಕನೆಯ ವರ್ಷ ಆಕೆ “ನನ್ನನ್ನು ‘ಡು’ ಎನ್ನು” ಎಂದರು. ಹೆತ್ತಮ್ಮನನ್ನು ‘ನೀನು’ ಎಂದೇ ಕರೆದು ಬೆಳೆದ ನನಗೆ ಆ ಒಂದಕ್ಷರಕ್ಕೆ ಕಣ್ಣು ತುಂಬಿತು.

ಮಗನಿಗೆ ಹೇಳಿ, ತಲೆತಗ್ಗಿಸಿ ಓಡಾಡುವುದು ಬೇಡ. ವಾರದ ನಡುವೆ ಸಂಜೆ ಆರರ ಹೊತ್ತಿಗೆ ಅವರ ಗಂಟೆ ಒತ್ತಲಿ. ಹೆಸರು ಹೇಳಲಿ, ಬರುವಷ್ಟು ಜರ್ಮನ್‌ನಲ್ಲೇ ಕ್ಷಮೆ ಕೇಳಲಿ, ಆ ಸದ್ದು ಚಟ್ನಿಯದೆಂದು ತಿಳಿಸಲಿ. ರುಬ್ಬುವುದನ್ನು ಶನಿವಾರವೇ ಮುಗಿಸಿ, ಮಿಕ್ಸಿಯಡಿ ದಪ್ಪ ಟವೆಲ್ ಮಡಚಿ ಇಡಲಿ. ಆ ಕಡೆ ಹೊರಟವರು ಯಾರಾದರೂ ಸಿಕ್ಕರೆ ಅಜ್ಜಿಗೆಂದು ಕಾಲು ಕಿಲೋ ಕಾಫಿಪುಡಿ ಕಳುಹಿಸಿ. ಚಿಕೋರಿ ಬೆರೆಸದ್ದೇ ಇರಲಿ. ಅಲ್ಲಿನ ಹಿರಿಯರಿಗೆ ಚಿಕೋರಿ ಎಂದರೆ, ಯುದ್ಧಕಾಲದಲ್ಲಿ ಕಾಫಿ ಸಿಗದೆ ಮನೆಮನೆಯಲ್ಲಿ ಕುದಿಸಿದ ಕಷಾಯದ ನೆನಪು.