ಸಂಪಾದಕರ ಉತ್ತರ: ಹಾಳೆಯ ಇನ್ನೊಂದು ಮಗ್ಗುಲು

(ಕಾಸರಗೋಡು ಜಿಲ್ಲೆಯ ಕ್ಯಾಂಪಸ್ಸೊಂದರ ಸಂಶೋಧನಾ ವಿದ್ಯಾರ್ಥಿನಿ ಬರೆದಿದ್ದಾರೆ, ಹೆಸರು ಹಾಕಬೇಡಿ ಎಂದಿದ್ದಾರೆ. "ಮರುಬಳಕೆ ಕಾಗದ ತರಿಸಿ ಎಂದು ನಾವು ಕೆಲವರು ಆಫೀಸಿಗೆ ಮನವಿ ಕೊಟ್ಟೆವು. ಮೆಷಿನ್ ಜಾಮ್ ಆಗುತ್ತದೆ, ಮಹಾಪ್ರಬಂಧಕ್ಕೆ ಬಾಂಡ್ ಪೇಪರೇ ಆಗಬೇಕು ಎಂದು ವಾಪಸು ಕಳಿಸಿದರು. ಇದು ನಿಜವೇ? ಅಂದ ಹಾಗೆ, ಪರಿಸರದ ಬಗ್ಗೆ ಇಷ್ಟು ಬರೆಯುವ ನಿಮ್ಮ ಪತ್ರಿಕೆಯ ಕಾಗದ ಯಾವುದು?")

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಇಲ್ಲದಿದ್ದರೆ ಜಾರಿಕೊಂಡೆ ಅಂದೀರಿ. ನಮ್ಮ ಒಳಪುಟ ಸಾಮಾನ್ಯ ನ್ಯೂಸ್‌ಪ್ರಿಂಟ್. ಮುಖಪುಟ ಆರ್ಟ್ ಪೇಪರ್, ಅದರ ಮೇಲೆ ಮಿರಿಮಿರಿ ಲ್ಯಾಮಿನೇಷನ್. ಲ್ಯಾಮಿನೇಷನ್ ಎಂದರೆ ತೆಳ್ಳನೆಯ ಪ್ಲಾಸ್ಟಿಕ್. ಗುಜರಿ ಅಂಗಡಿಯ ಹುಡುಗ ನಮ್ಮ ಹಳೆಯ ಸಂಚಿಕೆಗಳ ಮುಖಪುಟ ಹರಿದು ಬೇರೆ ಮೂಲೆಗೆ ಎಸೆಯುವುದನ್ನು ನಾನೇ ನಿಂತು ನೋಡಿದ್ದೇನೆ. ಮುಂದಿನ ಸಂಚಿಕೆಯಿಂದ ಆ ಹೊಳಪು ಇರುವುದಿಲ್ಲ. ಜಡಿಮಳೆಯ ಆಟಿ ತಿಂಗಳಲ್ಲಿ ಮುಖಪುಟ ಸುರುಟಿಕೊಂಡರೆ ನಮ್ಮನ್ನು ಬೈಯಬೇಡಿ.

ಜಾಮ್ ವಿಷಯದಲ್ಲಿ ಆಫೀಸಿನವರು ಪೂರಾ ಸುಳ್ಳು ಹೇಳಿಲ್ಲ. ಆದರೆ ತಪ್ಪನ್ನು ಹೊರಿಸಿದ್ದು ತಪ್ಪು ತಲೆಯ ಮೇಲೆ. ನಮ್ಮೂರಿನ ಮಳೆಗಾಲದಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಕಾಗದ ಯಾವ ಲೆಕ್ಕ? ಕಟ್ಟು ಒಡೆದಿಟ್ಟ ರೀಮು (ಐನೂರು ಹಾಳೆಯ ಕಟ್ಟು) ಗಾಳಿಯ ತೇವ ಹೀರಿ ಬಾಗುತ್ತದೆ. ಅದು ಹೊಸ ತಿರುಳಿನದ್ದೇ ಇರಲಿ, ಮರುಬಳಕೆಯದ್ದೇ ಇರಲಿ. ಎರಡೂ ಬದಿ ಮುದ್ರಿಸುವಾಗ ಹಾಳೆ ಒಮ್ಮೆ ಬಿಸಿ ರೋಲರಿನಡಿ ಹೋಗಿ ಬಂದು ಇನ್ನಷ್ಟು ಬಾಗಿರುತ್ತದೆ, ಎರಡನೆಯ ಸಲ ಸಿಕ್ಕಿಬೀಳುವುದು ಅದಕ್ಕೇ. ಬೇಕಾದಷ್ಟೇ ಕಟ್ಟು ಒಡೆಯಿರಿ, ಉಳಿದದ್ದನ್ನು ನೆಲಕ್ಕೆ ತಾಗದ ಹಾಗೆ ಕಪಾಟಿನಲ್ಲಿಡಿ, ಟ್ರೇಗೆ ಹಾಕುವ ಮೊದಲು ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ ಕೊಡವಿ. ಕಾಪಿಯರಿಗೆಂದೇ ತಯಾರಾದ ಮರುಬಳಕೆ ಕಾಗದ ಇಷ್ಟು ಉಪಚಾರಕ್ಕೆ ಸರಿಯಾಗಿ ಓಡುತ್ತದೆ. ಕಡಿಮೆ ರೇಟಿನ ಧೂಳು ಉದುರುವ ಮಾಲು ತಂದು, ಮರುಬಳಕೆಯೇ ಬೇಡ ಅನ್ನುವುದು ನ್ಯಾಯವಲ್ಲ.

ಬಾಂಡ್ ಪೇಪರಿನ ಮಾತಿಗೆ ಮಾತ್ರ ನನಗೆ ಸಿಟ್ಟು ಬಂತು. 250 ಪುಟದ ಪ್ರಬಂಧ, ಒಂದೇ ಬದಿ, ಐದು ಪ್ರತಿ ಎಂದಿಟ್ಟುಕೊಳ್ಳಿ: 1,250 ಹಾಳೆ, ಅಂದರೆ ಎರಡೂವರೆ ರೀಮು. 100 ಜಿಎಸ್‌ಎಂ (ಒಂದು ಚದರ ಮೀಟರಿಗೆ 100 ಗ್ರಾಂ ತೂಗುವ) ಬಾಂಡ್ ಆದರೆ ಎ4 ಹಾಳೆಯೊಂದು 6.25 ಗ್ರಾಂ, ಒಟ್ಟು ಸುಮಾರು 7.8 ಕಿಲೋ. ಅದನ್ನೇ 80 ಜಿಎಸ್‌ಎಂನಲ್ಲಿ ಎರಡೂ ಬದಿ ಮುದ್ರಿಸಿದರೆ 3.1 ಕಿಲೋ. ಮರುಬಳಕೆ ಕಾಗದದ ಮಾತೆತ್ತುವ ಮೊದಲೇ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಯುಜಿಸಿ 2009ರ ನಿಯಮದಲ್ಲೇ ಪ್ರಬಂಧದ ಎಲೆಕ್ಟ್ರಾನಿಕ್ ಪ್ರತಿ ಕೇಳಿತ್ತು. ಪ್ರಬಂಧಗಳನ್ನು ಕೂಡಿಡುವ ಶೋಧಗಂಗಾ ಜಾಲತಾಣದಲ್ಲಿ ಅದು ಇದ್ದೇ ಇರುತ್ತದೆ. ಲೈಬ್ರರಿಗೆಂದು ಬಾಳಿಕೆ ಬರುವ ಒಂದು ಪ್ರತಿ ಮಾಡಲಿ, ತಕರಾರಿಲ್ಲ. ಪರೀಕ್ಷಕರು ಓದಿ ಅಟ್ಟಕ್ಕೆ ಹಾಕುವ ಪ್ರತಿಗೆ ಆ ದಪ್ಪ ಯಾಕೆ? ನಮ್ಮಜ್ಜ ಮದುವೆ ಕಾಗದದ ಹಿಂಬದಿಯಲ್ಲಿ ಅಡಿಕೆ ಲೆಕ್ಕ ಬರೆಯುತ್ತಿದ್ದರು. ನಾವು ಪಿಎಚ್‌ಡಿ ಮಾಡಿ ಹಿಂಬದಿಯನ್ನೇ ಮರೆತೆವು.

ಇನ್ನೊಂದು ಮಾತು, ನಿಮ್ಮ ಮನವಿಯಲ್ಲಿ ಬಿಟ್ಟುಹೋದದ್ದು. ಕ್ಯಾಂಪಸ್ಸಿನ ರದ್ದಿ ಗುಜರಿಗೆ ಹೋಗುತ್ತಿದೆಯಲ್ಲ ಎಂದು ಹಲವರು ಸಮಾಧಾನಪಡುತ್ತಾರೆ. ಹೋಗುವುದು ಅರ್ಧ ಕೆಲಸ. ಮರಳಿ ಬರುವ ಕಾಗದವನ್ನು ಯಾರಾದರೂ ಕೊಳ್ಳಬೇಕು. ಹೋಗುವಾಗಲೂ ಬಿಳಿ ಹಾಳೆ ಬೇರೆ, ರಟ್ಟು ಬೇರೆ ಇದ್ದರೆ ರೇಟು ಹೆಚ್ಚು ಸಿಗುತ್ತದೆ. ಕ್ಯಾಂಟೀನಿನ ಎಣ್ಣೆ ಕಾಗದ, ಎಟಿಎಂ ಚೀಟಿ, ಸ್ಪೈರಲ್ ಬೈಂಡಿನ ಪ್ಲಾಸ್ಟಿಕ್ ಹೊದಿಕೆ ಅದರಲ್ಲಿ ಸೇರಬಾರದು. ಸ್ಟೇಪ್ಲರ್ ಪಿನ್ನಿಗೆ ಹೆದರಬೇಡಿ, ಮಿಲ್ಲಿನಲ್ಲಿ ಅಯಸ್ಕಾಂತವಿದೆ. ಮಿಲ್ಲಿಗೆ ನಿಜವಾದ ತಲೆನೋವು ಲೇಸರ್ ಪ್ರಿಂಟಿನ ಕಪ್ಪು: ಟೋನರ್ ಎಂದರೆ ಪ್ಲಾಸ್ಟಿಕ್ ಪುಡಿ, ಬಿಸಿಗೆ ಕರಗಿ ನಾರಿಗೆ ಕಚ್ಚಿಕೊಂಡಿರುತ್ತದೆ. ತಿರುಳನ್ನು ನೀರಲ್ಲಿ ಕದಡಿ ಗಾಳಿಗುಳ್ಳೆ ಹಾಯಿಸಿ ಆ ಕಣಗಳನ್ನು ನೊರೆಯ ಜತೆ ಮೇಲೆ ತಂದು ತೆಗೆಯುತ್ತಾರೆ. ಪ್ರತಿ ಸುತ್ತಿಗೂ ನಾರು ತುಂಡಾಗುತ್ತದೆ. ಐದಾರು ಸುತ್ತಿನ ಮೇಲೆ ಬರೆಯುವ ಕಾಗದಕ್ಕೆ ಬರುವುದಿಲ್ಲ, ಮೊಟ್ಟೆ ಇಡುವ ತಟ್ಟೆಗೋ ರಟ್ಟಿಗೋ ಸರಿ. ಖರೀದಿಸುವಾಗಲೂ ಕಟ್ಟಿನ ಮೇಲೆ 'ರೀಸೈಕಲ್ಡ್' ಎಂದಿದ್ದರೆ ಸಾಲದು, ಜನ ಬಳಸಿ ಬಿಟ್ಟ ಕಾಗದ ಅದರಲ್ಲಿ ಶೇಕಡಾ ಎಷ್ಟು ಎಂದು ಕೇಳಿ. ಮಿಲ್ಲಿನ ಕತ್ತರಿ ಚೂರನ್ನೇ ಮತ್ತೆ ಕದಡಿ ಅದೇ ಹೆಸರಲ್ಲಿ ಮಾರುವವರೂ ಇದ್ದಾರೆ.

ಕಡೆಗೆ ಒಂದು ಎಚ್ಚರಿಕೆ, ಇದು ನಮ್ಮೂರಿಗೇ ಸೇರಿದ್ದು. ಕಾಗದ ಉಳಿಸಿ ಎಂದು ಕೇಳಿದ ಕೂಡಲೇ ಮೊದಲು ಮಾಯವಾಗುವುದು ಕನ್ನಡದ ನೋಟೀಸು, ಕನ್ನಡದ ಅರ್ಜಿ. ಎರಡು ಭಾಷೆಗೆ ಎರಡು ಹಾಳೆ ಯಾಕೆ ಎನ್ನುತ್ತಾರೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿ ಇಲ್ಲಿನ ಕನ್ನಡಿಗರಿಗೆ ಸಿಕ್ಕ, ಸರಕಾರದೊಡನೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶವನ್ನು ಹಸಿರಿನ ಹೆಸರಲ್ಲಿ ಬಿಟ್ಟುಕೊಡುವ ಪೈಕಿ ನಾವಲ್ಲ. ಒಂದು ಮಗ್ಗುಲಲ್ಲಿ ಮಲಯಾಳ, ಇನ್ನೊಂದು ಮಗ್ಗುಲಲ್ಲಿ ಕನ್ನಡ ಎಂದು ನಿಮ್ಮ ಮುಂದಿನ ಮನವಿಯಲ್ಲಿ ಬರೆಯಿರಿ. ಹಾಳೆ ಒಂದೇ. ಆ ಮನವಿಯನ್ನೂ ಹಾಗೆಯೇ ಮುದ್ರಿಸಿ ಕೊಡಿ. ಏನು ಉತ್ತರ ಬಂತು ಎಂದು ನಮಗೂ ಒಂದು ಕಾಗದ ಹಾಕಿ.

ಸಂ.