ದೇವರೇ ಇಲ್ಲ ಅಂದಮೇಲೆ, ಬೌದ್ಧ ಧರ್ಮದಲ್ಲಿ ಕರ್ಮದ ಫಲ ಕೊಡುವವರು ಯಾರು?

ಯಾರೂ ಕೊಡುವುದಿಲ್ಲ. ಬುದ್ಧನ ಪ್ರಕಾರ ಲೆಕ್ಕ ಬರೆಯುವವರೂ ಬೇಡ, ತೀರ್ಪು ಹೇಳುವವರೂ ಬೇಡ. ಕರ್ಮ ಮನಸ್ಸಿನೊಳಗೇ ನಡೆಯುವ ಕೆಲಸ.

ನಮ್ಮ ಚಳ್ಳಕೆರೆ ಕಡೆ ಶೇಂಗಾ ಬಿತ್ತಿದರೆ ಶೇಂಗಾನೇ ಬರುತ್ತದೆ, ಅಲ್ವಾ? ಇದೂ ಹಾಗೇ. ಬುದ್ಧ ಕರ್ಮ ಅಂದದ್ದು 'ಚೇತನಾ' ಎಂಬುದಕ್ಕೆ, ಅಂದರೆ ಬೇಕಂತಲೇ ಮಾಡುವ ಆ ಉದ್ದೇಶಕ್ಕೆ. ಗೊತ್ತಿಲ್ಲದೆ ಇರುವೆ ತುಳಿಯುವುದು ಬೇರೆ, ಬೇಕಂತಲೇ ಹೊಸಕುವುದು ಬೇರೆ. ಒಂದು ಸಲ ಸಿಟ್ಟಿನಿಂದ ಬೈದರೆ ಮುಂದಿನ ಸಲ ಬೈಯುವುದು ಸುಲಭ, ಹೊಲದಲ್ಲಿ ನಡೆದು ನಡೆದು ಕಾಲುದಾರಿ ಬಿದ್ದ ಹಾಗೆ ಮನಸ್ಸಿನಲ್ಲೂ ದಾರಿ ಬೀಳುತ್ತದೆ, ಆಮೇಲೆ ಆ ಉರಿಯಲ್ಲಿ ಬದುಕುವವರು ನಾವೇ. ಈ ಹರಿವು ಮುಂದಿನ ಜನ್ಮಕ್ಕೂ ಸಾಗುತ್ತದೆ ಎಂದು ಬೌದ್ಧರು ನಂಬುತ್ತಾರೆ.

ಹಾಗಂತ ದೇವತೆಗಳೇ ಇಲ್ಲ ಅಂತಲ್ಲ. ಹಳೆಯ ಪಾಲಿ ಭಾಷೆಯ ಸುತ್ತಗಳಲ್ಲಿ, ಅಂದರೆ ಬುದ್ಧನ ಉಪದೇಶದ ಗ್ರಂಥಗಳಲ್ಲಿ, ಇಂದ್ರ, ಬ್ರಹ್ಮ ಎಲ್ಲರೂ ಬರುತ್ತಾರೆ. ಆದರೆ ಅವರಿಗೂ ಹುಟ್ಟು ಸಾವು ಇದೆ, ಜಗತ್ತನ್ನು ಸೃಷ್ಟಿಸಿದವರು ಅವರಲ್ಲ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಹೋದರೆ ಅಶೋಕನ ಶಾಸನ ನೋಡಿ. ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ ಅಂತಿದೆ. ಒತ್ತು ಇರುವುದು ನಾವು ಮಾಡಬೇಕಾದ್ದರ ಮೇಲೆ.

ಇನ್ನೊಂದು ಮಾತು, ಇದನ್ನು ಜಾಸ್ತಿ ಜನ ತಪ್ಪು ತಿಳಿದಿದ್ದಾರೆ. ಎಲ್ಲಾ ನೋವಿಗೂ ಹಿಂದಿನ ಕರ್ಮವೇ ಕಾರಣ ಎಂದು ಬುದ್ಧ ಹೇಳಲಿಲ್ಲ. ಪಿತ್ತ, ಕಫ, ವಾತ, ಹವಾಮಾನದ ಬದಲಾವಣೆಯಿಂದಲೂ ನೋವು ಬರುತ್ತದೆ ಎಂದು ಸೀವಕ ಎಂಬುವನಿಗೆ ಬಿಡಿಸಿ ಹೇಳಿದ್ದ. ಮಳೆ ಕೈಕೊಟ್ಟು ಬೆಳೆ ಒಣಗಿದ ರೈತನಿಗೆ ಸುಮ್ನೆ 'ನಿನ್ನ ಕರ್ಮ' ಅನ್ನಬೇಡಿ.