ಸೈಕಲ್ ಸವಾರರ ಪ್ರಶ್ನೆಗಳು: ಸಂಡೂರು ಗುಡ್ಡ, ಜಾಲಿ ಮುಳ್ಳು, ಕರಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗ್ರಾವೆಲ್ ಬೈಕಿನ ಬಗ್ಗೆಯೇ. ಗೊತ್ತಿಲ್ಲದವರಿಗೆ ಒಂದು ಮಾತು: ಹ್ಯಾಂಡಲ್ ರೇಸ್ ಸೈಕಲ್ಲಿನದು, ಟೈರ್ ಮಾತ್ರ ದಪ್ಪ, ಗೇರ್ ಹಗುರ. ಗರಸಿನ ದಾರಿ, ಬಂಡಿ ದಾರಿ, ಕಾಲುವೆ ದಂಡೆ ಎಲ್ಲದರಲ್ಲೂ ಓಡುತ್ತದೆ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಇಂಥ ದಾರಿಗಳಿಗೇನು ಬರ ಇಲ್ಲ, ಅಲ್ವಾ? ಸರಿ, ಪತ್ರಗಳಿಗೆ ಬರೋಣ.

ಪ್ರಶ್ನೆ: ಸರ್, ಮೊಬೈಲಿನ ಸ್ಯಾಟಲೈಟ್ ಮ್ಯಾಪಿನಲ್ಲಿ ನೋಡಿದರೆ ಸಂಡೂರು ಗುಡ್ಡದ ಮೇಲೆ ಎಷ್ಟೊಂದು ಕೆಂಪು ದಾರಿಗಳಿವೆ. ಅಲ್ಲಿ ಸೈಕಲ್ ಓಡಿಸೋಕೂ ಪರ್ಮಿಷನ್ ಬೇಕಾ? ನಮ್ಮದು ಹೊಗೆ ಇಲ್ಲ, ಸದ್ದಿಲ್ಲ. ಯಾಕೆ ತಡೆಯಬೇಕು?
– ಓದುಗರೊಬ್ಬರು, ತೋರಣಗಲ್ಲು

ಉತ್ತರ: ಬೇಕು. ಮೊದಲು ಆ ಕೆಂಪು ಗೆರೆಗಳು ಏನು ಅಂತ ನೋಡಿ. ಬಹಳಷ್ಟು ದಾರಿಗಳು ಅದಿರು ಲಾರಿಗಳಿಗೆಂದು ಗುಡ್ಡ ಕಡಿದು ಮಾಡಿದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2013ರಲ್ಲಿ, ಅಕ್ರಮ ಜಾಸ್ತಿ ಕಂಡುಬಂದ 'ಸಿ' ವರ್ಗದ ಗಣಿಗಳ ಗುತ್ತಿಗೆಯನ್ನೇ ರದ್ದು ಮಾಡಿತು. ಹಾಗೆ ನಿಂತುಹೋದ ಗಣಿಯ ದಾರಿ ಮ್ಯಾಪಿನಲ್ಲಿ ಇವತ್ತಿಗೂ ನೀಟಾಗಿ ಕಾಣುತ್ತದೆ. ಹೋಗಿ ನೋಡಿದರೆ ಒಂದು ತಿರುವು ದಾಟಿದ ಕೂಡಲೇ ಹೊಂಡದ ಬಾಯಿ, ಬೇಲಿ ಇಲ್ಲ, ಬೋರ್ಡ್ ಇಲ್ಲ. ಇಳಿಜಾರಿನಲ್ಲಿ ಜೋರಾಗಿ ಬಂದವನಿಗೆ ಬ್ರೇಕ್ ಹಿಡಿಯಲು ಜಾಗವೂ ಸಿಗುವುದಿಲ್ಲ, ಏಕೆಂದರೆ ಕೆಳಗೆ ಬರೀ ಸಡಿಲ ಅದಿರು ಪುಡಿ. ಇನ್ನು ನಡೆಯುತ್ತಿರುವ ಗಣಿಯಾದರೆ ಟಿಪ್ಪರ್, ಬ್ಲಾಸ್ಟಿಂಗ್, ಗೇಟಿನಲ್ಲಿ ಸೆಕ್ಯುರಿಟಿ. ಎರಡೂ ನಮ್ಮ ಜಾಗ ಅಲ್ಲ ಬಿಡಿ.

ಉಳಿದದ್ದು ಕಾಡು. ಅದರಲ್ಲಿ ದೊಡ್ಡ ಭಾಗ ಮೀಸಲು ಅರಣ್ಯ. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋದರೆ ಅದು ಅಪರಾಧವೇ. ದರೋಜಿ ಕರಡಿಧಾಮದಲ್ಲಿ ಇನ್ನೂ ಬಿಗಿ. 1994ರಲ್ಲೇ ಅದನ್ನು ವನ್ಯಜೀವಿಧಾಮ ಅಂತ ಘೋಷಿಸಲಾಗಿದೆ, ಹಾಗಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯವಾಗುತ್ತದೆ. ವನ್ಯಜೀವಿಧಾಮದ ನಡುವೆ ಸಾರ್ವಜನಿಕ ರಸ್ತೆ ಹಾದುಹೋದರೆ ಅದರಲ್ಲಿ ಹೋಗಬಹುದು, ರಸ್ತೆ ಬಿಟ್ಟು ಇಳಿದರೆ ಪರವಾನಗಿ ಕೇಳುತ್ತಾರೆ. ಕಾರಾಗಲಿ, ಸೈಕಲ್ಲಾಗಲಿ, ಬರಿಗಾಲಾಗಲಿ, ನಿಯಮ ಒಂದೇ.

ಇನ್ನು ಸದ್ದಿಲ್ಲ ಅಂದಿರಲ್ಲ, ತೊಂದರೆ ಇರೋದೇ ಅಲ್ಲಿ. ಜೀಪ್ ಬಂದರೆ ಪ್ರಾಣಿಗೆ ದೂರದಿಂದಲೇ ಗೊತ್ತಾಗಿ ಸರಿದುಹೋಗುತ್ತದೆ. ನಡೆದು ಬರುವವನು ನಿಧಾನ, ಮಾತಾಡುತ್ತಾ ಬರುತ್ತಾನೆ. ಸೈಕಲ್ ಮಾತ್ರ ಸದ್ದೂ ಇಲ್ಲದೆ, ವೇಗವಾಗಿಯೂ ಬಂದು, ಪ್ರಾಣಿ ತಲೆ ಎತ್ತುವಷ್ಟರಲ್ಲಿ ಅದರ ಮುಂದೆ ನಿಂತಿರುತ್ತದೆ. ಫಾರೆಸ್ಟ್‌ನವರು ಸೈಕಲ್ಲಿನವರನ್ನು ಸುಮ್ನೆ ಕಾಡುತ್ತಾರೆ ಅಂತ ನನಗೆ ಅನ್ನಿಸಿಲ್ಲ.

ಹೋಗಲೇಬೇಕು ಅನ್ನುವವರು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಯಾವ ದಾರಿ, ಯಾವ ದಿನ, ಎಷ್ಟು ಜನ ಅಂತ ಬರೆದುಕೊಡಿ. ಆಗಲ್ಲ ಅಂದರೆ ವಾಪಸ್ ಬನ್ನಿ, ವಾದ ಬೇಡ. ಗುಡ್ಡ ನೋಡಲು ಗುಡ್ಡದೊಳಗೇ ನುಗ್ಗಬೇಕು ಅಂತೇನಿಲ್ಲ. ಕುಮಾರಸ್ವಾಮಿ ಗುಡಿಗೆ ಹೋಗುವ ರಸ್ತೆ ಎಲ್ಲರದು, ಏರು ಸಾಕಷ್ಟಿದೆ, ಅದಿರು ಲಾರಿಗಳ ಮೇಲೆ ಮಾತ್ರ ಕಣ್ಣಿರಲಿ. ನಾರಿಹಳ್ಳ ಜಲಾಶಯದ ಕಡೆಯ ಹಳ್ಳಿ ದಾರಿಗಳು ಅದಕ್ಕಿಂತ ಚೆಂದ. ಒಂದು ಕಡೆ ಜೋಳದ ಹೊಲ, ಇನ್ನೊಂದು ಕಡೆ ಗುಡ್ಡದ ಸಾಲು, ಮಳೆಗಾಲ ಮುಗಿಯುವ ಹೊತ್ತಿಗೆ ಹೋದರೆ ಇದು ಬಳ್ಳಾರಿ ಜಿಲ್ಲೆಯಾ ಅಂತ ಕೇಳುವಷ್ಟು ಹಸಿರು.

ಪ್ರಶ್ನೆ: ಅಣ್ಣ, ನಾನು ಬೆಳಿಗ್ಗೆ ಐದಕ್ಕೇ ಹೊರಟು ಗಂಗಾವತಿಯಿಂದ ಆನೆಗೊಂದಿ, ಸಣಾಪುರ ಸುತ್ತಿ ಬರುತ್ತೇನೆ. ಚಿರತೆ ಇದೆ, ಕರಡಿ ಇದೆ ಅಂತ ಅಮ್ಮ ದಿನಾ ಜಗಳ. ಅಷ್ಟೊಂದು ಹೆದರಬೇಕಾ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಜಗಳದಲ್ಲಿ ನಾನು ಅಮ್ಮನ ಕಡೆ, ತಂಗಿ. ಆ ಬಂಡೆಗುಡ್ಡಗಳಲ್ಲಿ ಎರಡೂ ಇವೆ. ಚಿರತೆಗಿಂತ ಕರಡಿ ಬಗ್ಗೆ ಜಾಸ್ತಿ ಹುಷಾರಾಗಿರಿ. ಅದಕ್ಕೆ ಮೂಗು ಬಲು ಚುರುಕು, ಕಣ್ಣು ಮಂದ. ಹುತ್ತಕ್ಕೆ ಮೂತಿ ಹಾಕಿ ಗೆದ್ದಲು ಹೀರುತ್ತಾ ಕೂತರೆ ಪಕ್ಕದಲ್ಲಿ ಏನಾಗುತ್ತಿದೆ ಅನ್ನೋ ಪರಿವೆಯೇ ಇರಲ್ಲ. ಹತ್ತಿರ ಹೋದಮೇಲೆ ಬೆಚ್ಚಿಬೀಳುತ್ತದೆ, ಬೆಚ್ಚಿದ ಕರಡಿ ಓಡಿಹೋಗುವುದಕ್ಕಿಂತ ಮೈಮೇಲೆ ಬರುವುದೇ ಹೆಚ್ಚು. ಸಂಜೆಯಿಂದ ಬೆಳಗಿನ ಜಾವದವರೆಗೆ ಅದರ ಓಡಾಟ. ಅಂದರೆ ನೀವು ಹೊರಡುವ ಹೊತ್ತಿಗೆ ಅದು ಮನೆಗೆ ಮರಳುತ್ತಿರುತ್ತದೆ.

ಹೊತ್ತು ಹುಟ್ಟಿದ ಮೇಲೆ ಹೊರಡಿ, ಸಂಜೆ ಸವಾರಿಯಾದರೆ ಬೆಳಕಿರುವಾಗಲೇ ವಾಪಸ್ ಬನ್ನಿ. ಸೈಕಲ್ಲಿಗೆ ಹಳೇ ಕಾಲದ ಗಂಟೆ ಹಾಕಿಸಿ, ಬಂಡೆ ಮರೆಯ ತಿರುವು ಬಂದಾಗೆಲ್ಲ ಬಾರಿಸಿ. ಕಿವಿಗೆ ಇಯರ್‌ಫೋನ್ ಬೇಡ. ಕರಡಿ ಕಂಡರೆ ನಿಂತುಬಿಡಿ, ಫೋಟೋ ಆಸೆ ಬಿಟ್ಟು ನಿಧಾನಕ್ಕೆ ಹಿಂದೆ ಸರಿಯಿರಿ. ಜೊತೆಗೆ ಒಬ್ಬರಿದ್ದರೆ ಒಳ್ಳೆಯದು, ಮಾತಿನ ಸದ್ದೇ ಅರ್ಧ ಕೆಲಸ ಮಾಡುತ್ತದೆ.

ಇನ್ನೊಂದು ವಿಷಯ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿ.ಮೀ. ಹರಿವು 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ರಸ್ತೆಯಲ್ಲಿ ಹೋದರೆ ಯಾರೂ ಏನೂ ಅನ್ನುವುದಿಲ್ಲ. ಸೈಕಲ್ ಹೊತ್ತುಕೊಂಡು ನದಿಯ ಬಂಡೆ, ಮರಳಿನ ಮೇಲೆ ಇಳಿಯಬೇಡಿ, ಅವು ಮರಿ ಸಾಕುವುದು ಆ ಸಂದಿಗಳಲ್ಲೇ.

ನಿಜ ಹೇಳಬೇಕೆಂದರೆ ದಿನಾ ಎದುರಾಗುವುದು ಕರಡಿಯಲ್ಲ, ಕುರಿ ಹಟ್ಟಿಯ ನಾಯಿ. ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ. ಇಳಿದು, ಸೈಕಲ್ಲನ್ನು ನಿಮಗೂ ನಾಯಿಗೂ ನಡುವೆ ಇಟ್ಟುಕೊಂಡು ನಡೆಯಿರಿ. ಕುರಿ ಕಾಯುವವರಿಗೆ ಒಂದು ಕೂಗು ಹಾಕಿದರೆ ಅವರೇ ಕರೆದುಕೊಳ್ಳುತ್ತಾರೆ.

ಪ್ರಶ್ನೆ: ಗ್ರಾವೆಲ್ ಬೈಕಿಗೆ ಲಕ್ಷದ ಹತ್ತಿರ ಹೇಳ್ತಾರೆ. ನನ್ನ ಹತ್ರ 35 ಎಂ.ಎಂ. ಟೈರಿನ ಹೈಬ್ರಿಡ್ ಸೈಕಲ್ ಇದೆ. ಹಳ್ಳಿ ದಾರಿಗಿಳಿದರೆ ಪಂಚರ್, ಮಳೆ ಬಂದರೆ ಚಕ್ರವೇ ತಿರುಗಲ್ಲ. ಏನು ಮಾಡಲಿ?
– ವಿದ್ಯಾರ್ಥಿ, ರಾಯಚೂರು

ಉತ್ತರ: ತಮ್ಮಾ, ಸಾಲ ಮಾಡಿ ಸೈಕಲ್ ತಗೋಬೇಡ. ಇರೋ ಸೈಕಲ್ಲಿಗೇ 38 ಅಥವಾ 40ರ ಟೈರ್ ಹಿಡಿಯುತ್ತದಾ ಅಂತ ಅಂಗಡಿಯಲ್ಲಿ ಹಾಕಿ ನೋಡು. ಫೋರ್ಕಿಗೂ (ಚಕ್ರ ಹಿಡಿದಿರುವ ಕವಲು) ಟೈರಿಗೂ ನಡುವೆ ಎರಡೂ ಬದಿ ಐದಾರು ಮಿಲಿಮೀಟರ್ ಸಂದಿ ಉಳಿಯಬೇಕು. ಗಾಳಿ ಕಲ್ಲಿನ ಹಾಗೆ ತುಂಬಿಸಬೇಡ. ಟೈರಿನ ಮೇಲೆ ಬರೆದಿರುವ ದೊಡ್ಡ ಸಂಖ್ಯೆ ಮಿತಿ, ಅಷ್ಟೇ ಹಾಕು ಅಂತಲ್ಲ. ಟ್ಯೂಬ್ ಇದ್ದರೆ 45–50 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಸಾಕು, ಟ್ಯೂಬ್‌ಲೆಸ್ ಆದರೆ 35ರ ಆಸುಪಾಸು.

ಪಂಚರ್ ಮಾಡೋ ಮುಳ್ಳುಗಳು ಇಲ್ಲಿ ಮುಖ್ಯವಾಗಿ ಎರಡು. ನೆಗ್ಗಿಲ ಮುಳ್ಳು ಚಿಕ್ಕದು, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಇನ್ನೊಂದು ಬಳ್ಳಾರಿ ಜಾಲಿ. ಬೇಲಿ ಸವರಿ ದಾರಿಗೆ ಎಸೆದ ಕೊಂಬೆ ಒಣಗಿದರೆ ಮುಳ್ಳು ಮೊಳೆಯಷ್ಟು ಗಟ್ಟಿ. ಮುಳ್ಳು ಕಿತ್ತು ಟ್ಯೂಬ್ ಬದಲಿಸಿದ ಮಾತ್ರಕ್ಕೆ ಮುಗಿಯಲಿಲ್ಲ, ಮುರಿದ ತುದಿ ಟೈರಿನೊಳಗೇ ಉಳಿದಿರುತ್ತದೆ. ಬಟ್ಟೆ ತುಂಡನ್ನು ಟೈರಿನ ಒಳಗೋಡೆಗೆ ಒತ್ತಿ ಸುತ್ತಲೂ ಎಳೆ, ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲೇ ಇದೆ ಮುಳ್ಳು. ಬೆರಳಿನಿಂದ ಹುಡುಕಿದರೆ ರಕ್ತ ಗ್ಯಾರಂಟಿ. ಸೀಲಂಟ್ ಅನ್ನೋ ಅಂಟುದ್ರವ ಒಳಗೆ ಹಾಕಿಸಿದರೆ ಚಿಕ್ಕ ತೂತು ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ತೆಗೆದು ನೋಡು.

ಮಳೆಯಲ್ಲಿ ಚಕ್ರ ನಿಲ್ಲಿಸೋದು ಎರೆ ಮಣ್ಣು, ಅಂದರೆ ಅಂಟೋ ಕಪ್ಪು ಮಣ್ಣು. ಅದಕ್ಕೆ ಯಾವ ದೇಶದ ಟೈರೂ ಉತ್ತರವಲ್ಲ. ಒಂದೊಂದು ಸುತ್ತಿಗೂ ಒಂದೊಂದು ಪದರ ಹತ್ತಿ, ಒಳಗೆ ಹುಲ್ಲು, ಕಡಿ ಎಲ್ಲ ಸೇರಿ ಫೋರ್ಕಿನ ಸಂದಿ ತುಂಬಿಬಿಡುತ್ತದೆ. ಆಗ ಹಟಕ್ಕೆ ಬಿದ್ದು ತುಳಿದರೆ ಹಿಂದಿನ ಗೇರ್ ಬಾಗಿ ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ, ಅಲ್ಲಿಗೆ ಸವಾರಿ ಮುಗೀತು. ಇಳಿ, ಜಾಲಿ ಕಡ್ಡಿಯಿಂದ ಕೆರೆದು ತೆಗೆ, ಸೈಕಲ್ ಹೆಗಲಿಗೇರಿಸಿ ಹುಲ್ಲಿನ ಅಂಚಿನಲ್ಲಿ ನಡೆ. ಮಳೆ ನಿಂತು ಎರಡು ದಿನ ಬಿಸಿಲು ಬೀಳುವ ತನಕ ಎರೆ ಹೊಲದ ದಾರಿ ಬೇಡ, ಮಸಾರಿ (ಕೆಂಪು ಮಣ್ಣಿನ ನೆಲ) ಕಡೆ ಹೋಗು.

ಪ್ರಶ್ನೆ: ಚೈನಿಗೆ ಹೊಲಿಗೆ ಮೆಷಿನ್ ಎಣ್ಣೆ ನಡೆಯುತ್ತಾ?
– ಬಳ್ಳಾರಿ

ಉತ್ತರ: ಟಾರು ರಸ್ತೆಗೆ ನಡೆಯುತ್ತದೆ. ಅದಿರು ಧೂಳಿನ ದಾರಿಗೆ ಬೇಡ. ಎಣ್ಣೆ ಜೊತೆ ಧೂಳು ಸೇರಿ ಕೆಂಪು ಪೇಸ್ಟ್ ಆಗಿ ಚೈನನ್ನೇ ಉಜ್ಜಿ ಸವೆಸುತ್ತದೆ. ಮೇಣದ ಲೂಬ್ ಹಾಕಿ, ಒಣಗಿದ ಮೇಲೆ ಒರೆಸಿ ಹೊರಡಿ.

ಪ್ರಶ್ನೆ: ನಿಮ್ಮ ಸೈಕಲ್ ಹುಡುಗರಿಗೆ ಸ್ವಲ್ಪ ಹೇಳಿ. ಕಾಲುವೆ ದಂಡೆ ದಾರಿಯಲ್ಲಿ ನೆಲ್ಲು ಒಣಗಿಸಿದ್ದೀವಿ, ಅದರ ಮೇಲೇ ಓಡಿಸಿಕೊಂಡು ಹೋಗ್ತಾರೆ. ಕೇಳಿದರೆ ಟೈರ್ ಮೆತ್ತಗಿದೆ, ಏನಾಗಲ್ಲ ಅಂತಾರೆ.
– ರೈತರು, ಸಿರುಗುಪ್ಪ

ಉತ್ತರ: ಹೇಳ್ತೀನಿ ಕಾಕಾ, ಇಲ್ಲೇ ಹೇಳ್ತೀನಿ. ಹುಡುಗರೇ, ನೆಲ್ಲು ಕಂಡರೆ ಇಳಿದು ಅಂಚಿನಲ್ಲಿ ತಳ್ಳಿಕೊಂಡು ಹೋಗಿ. ರಸ್ತೆ ಮೇಲೆ ಒಣಗಿಸೋದು ಸರಿಯಾ ತಪ್ಪಾ ಅನ್ನೋ ವಾದ ನಿಮ್ಮದಲ್ಲ, ಕಣ ಇಲ್ಲದವರು ಇನ್ನೆಲ್ಲಿ ಹರಡಬೇಕು? ದಂಡೆ ದಾರಿ ಇರುವುದು ನೀರಾವರಿ ಇಲಾಖೆಯವರ ಓಡಾಟಕ್ಕೆ ಮತ್ತು ರೈತರಿಗೆ, ನಾವು ಅಲ್ಲಿ ಬಂದುಹೋಗುವವರು. ತುಂಗಭದ್ರಾ ಎಡದಂಡೆ ಕಾಲುವೆಯೊಂದೇ 227 ಕಿ.ಮೀ. ಉದ್ದ ಇದೆ, ನಾಲ್ಕು ಗೇಣು ನೆಲ್ಲಿಗೆ ಇಳಿದು ನಡೆದರೆ ಸವಾರಿಯೇನೂ ಕೆಡಲ್ಲ. ಹಾಗೇ ಕಾಲುವೆ ತುಂಬಿ ಹರಿಯುವಾಗ ಅಂಚಿಗೆ ಹೋಗಬೇಡಿ. ಸಿಮೆಂಟಿನ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ, ಜಾರಿದರೆ ಈಜು ಬರುವವನಿಗೂ ಮೇಲೆ ಹತ್ತೋಕೆ ಹಿಡಿತ ಸಿಗಲ್ಲ.

ಪ್ರಶ್ನೆ: ಫಾರಿನ್‌ನಲ್ಲಿ ಕಾಡಿನೊಳಗೇ ಗ್ರಾವೆಲ್ ರೇಸ್ ಮಾಡ್ತಾರಂತೆ. ನಮ್ಮಲ್ಲಿ ಮಾತ್ರ ಯಾಕಿಷ್ಟು ಕಟ್ಟುನಿಟ್ಟು?
– ಕೊಪ್ಪಳ

ಉತ್ತರ: ಅಲ್ಲೂ ಕಟ್ಟುನಿಟ್ಟೇ, ವಿಡಿಯೋದಲ್ಲಿ ಕಾಣಲ್ಲ ಅಷ್ಟೇ. ಗ್ರಾವೆಲ್ ರೇಸ್‌ಗಳಲ್ಲಿ ದೊಡ್ಡ ಹೆಸರು ಅಮೆರಿಕದ ಅನ್‌ಬೌಂಡ್. ಕ್ಯಾನ್ಸಸ್ ರಾಜ್ಯದ ಎಂಪೋರಿಯಾದಲ್ಲಿ 2006ರಿಂದ ನಡೆಯುತ್ತಿದೆ, ಮುಖ್ಯ ಓಟ 200 ಮೈಲಿ, ಅಂದರೆ ಸುಮಾರು 320 ಕಿ.ಮೀ. ಅದು ನಡೆಯೋದು ಕಾಡಿನ ಕಾಲುದಾರಿಯಲ್ಲಲ್ಲ, ಹುಲ್ಲುಗಾವಲಿನ ನಡುವಿನ ಸಾರ್ವಜನಿಕ ಮಣ್ಣುರಸ್ತೆಯಲ್ಲಿ. ಅದೇ ದೇಶದಲ್ಲಿ ವಿಲ್ಡರ್‌ನೆಸ್ ಅಂತ ಗುರುತಿಸಿದ ಕಾಡುಗಳಿಗೆ ಸೈಕಲ್ ಪ್ರವೇಶವೇ ಇಲ್ಲ, 1964ರ ಕಾನೂನು ಯಂತ್ರದ ಸಾರಿಗೆ ಬೇಡ ಅನ್ನುತ್ತದೆ, ಸೈಕಲ್ಲೂ ಅದರಲ್ಲೇ ಸೇರಿದೆ. ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಎರಡು ಮೀಟರಿಗಿಂತ ಕಿರಿದಾದ ಕಾಡುದಾರಿಯಲ್ಲಿ ಸೈಕಲ್ ಓಡಿಸುವಂತಿಲ್ಲ. ವ್ಯತ್ಯಾಸ ಏನಂದರೆ ಅಲ್ಲಿ ಯಾವ ದಾರಿ ಬಿಟ್ಟಿದ್ದಾರೆ, ಯಾವುದು ಬಿಟ್ಟಿಲ್ಲ ಅಂತ ಬೋರ್ಡು, ಮ್ಯಾಪು ಇರುತ್ತವೆ. ನಮ್ಮಲ್ಲಿ ಅದಿಲ್ಲ, ನಾನೂ ಒಪ್ಪುತ್ತೇನೆ. ಸಂಡೂರಿನಲ್ಲಿ ಎರಡು ಮೂರು ದಾರಿ ಗುರುತಿಸಿ, ದುಡ್ಡು ತಗೊಂಡು, ಸ್ಥಳೀಯ ಹುಡುಗರನ್ನು ಗೈಡ್ ಮಾಡಿ ಬಿಟ್ಟರೆ ಇಲಾಖೆಗೂ ಒಳ್ಳೆಯದು, ಊರಿಗೂ ಒಳ್ಳೆಯದು. ಕೊಪ್ಪಳದ ಸೈಕಲ್ ಗೆಳೆಯರೆಲ್ಲ ಸೇರಿ ಇಂಥದ್ದೊಂದು ಅರ್ಜಿ ಯಾಕೆ ಕೊಡಬಾರದು?

ಪ್ರಶ್ನೆ: ಏಪ್ರಿಲ್ ರಜೆಯಲ್ಲಿ ಲಿಂಗಸುಗೂರಿನಿಂದ ಜಲದುರ್ಗದ ಕೋಟೆಗೆ ಸೈಕಲ್ಲಿನಲ್ಲಿ ಹೋಗಬೇಕು ಅಂತಿದ್ದೇವೆ. ಎಷ್ಟು ನೀರು ಒಯ್ಯಬೇಕು?
– ಗೆಳೆಯರ ಗುಂಪು, ಸಿಂಧನೂರು

ಉತ್ತರ: ಏಪ್ರಿಲ್ ಬಿಟ್ಟು ನವೆಂಬರ್‌ಗೆ ಇಟ್ಟುಕೊಳ್ಳಿ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಕೋಟೆ ಹತ್ತಿರ ಬಂಡೆ ಕಾದರೆ ನೀವು ಎಷ್ಟು ನೀರು ಒಯ್ದರೂ ಕಮ್ಮಿಯೇ. ಹೋಗೇ ಹೋಗ್ತೀವಿ ಅಂದರೆ ತಲಾ ಮೂರು ಲೀಟರ್, ಓಆರ್‌ಎಸ್ ಪೊಟ್ಟಣ, ಹತ್ತು ಗಂಟೆಯೊಳಗೆ ನೆರಳು ಸೇರಿರಬೇಕು. ಬಾಟಲಿ ಖಾಲಿಯಾಯ್ತು ಅಂತ ಕೃಷ್ಣೆಗೆ ಇಳಿಯಬೇಡಿ, ನದಿಯಲ್ಲಿ ಮೊಸಳೆ ಇವೆ. ಊರೊಳಗೆ ಯಾರ ಮನೆ ಮುಂದೆ ನಿಂತು ಕೇಳಿದರೂ ಒಂದು ಚೊಂಬು ನೀರು ಕೊಡುತ್ತಾರೆ.